ಗೇಟಿನಲ್ಲಿ ಬಿಚ್ಚಿಟ್ಟ ಕಾಲುಂಗುರ

ಕಳೆದ ವಾರ ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಕೆಲಸದಲ್ಲಿ ರೂಢಿಯಾದ ವಾಸನೆಯೇ, ಆದರೂ ಅಂದು ಅದು ಮೂಗಿಗೆ ಬಡಿದಾಗ, ಏನು ಕೊಳ್ಳಲು ಬಂದೆನೆಂಬುದನ್ನೂ ಮರೆತು ನಿಂತುಬಿಟ್ಟೆ. ಕುರುಗೋಡಿನ ಅಕ್ಕ ನೆನಪಾದಳು...

ಅವಳು ನನ್ನ ಒಡಹುಟ್ಟಿದವಳಲ್ಲ. ಸಣ್ಣದೊಂದು ವಿಮಾನ ನಿಲ್ದಾಣದಲ್ಲಿ ಇಬ್ಬರೂ ಜೊತೆಗೆ ಕೂಲಿ ಮಾಡುತ್ತಿದ್ದೆವು. ಅಲ್ಲಿಯದು ಎರೆಮಣ್ಣು. ಬೇಸಿಗೆಯಲ್ಲಿ ನೆಲ ಬಿರಿದರೆ ಅದರ ಮೇಲಿನ ರನ್‌ವೇಯೂ ಬಿರಿಯುತ್ತಿತ್ತು. ಅಕ್ಕ ಕೊಕ್ಕೆಯಿಂದ ಬಿರುಕಿನೊಳಗಿನ ಹುಲ್ಲು, ಮಣ್ಣು ಕೆದರಿ ತೆಗೆಯುತ್ತಿದ್ದಳು. ಅವಳ ಹಿಂದೆ ನಾನು ಕಾದ ಡಾಂಬರು ಹೊಯ್ಯುತ್ತ ಬರುತ್ತಿದ್ದೆ. ವಿಮಾನ ಬರುವ ಮುಂಚೆ ಹೆಂಗಸರೆಲ್ಲ ಸಾಲಾಗಿ ನಡೆದು, ಒಂದು ಹರಳೂ ಉಳಿಯದಂತೆ ಆರಿಸಬೇಕಿತ್ತು.

ಕೊನೆಯ ಮಾಮೂಲಿ ದಿನ ಚೆನ್ನಾಗಿ ನೆನಪಿದೆ. ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಅಕ್ಕನ ಗಂಡನಿಗೆ ಕಿಡ್ನಿ ಕೆಟ್ಟು ಬಳ್ಳಾರಿಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಉಣ್ಣುವ ನಡುವೆಯೂ ಅವಳು ಕಾಲುಂಗುರ ಮುಟ್ಟಿ ನೋಡಿಕೊಳ್ಳುವುದನ್ನು ಕಂಡು ಸಿರುಗುಪ್ಪದ ಮುದುಕಿಯೊಬ್ಬಳು ಕಾಡಿಸಿದಳು.

"ನಿನ್ನ ಗಂಡ ಕಾಲ್ಬೆರಳಾಗ ಅದಾನೇನ್ ಲೇ?"

"ಹೂಂ ಯವ್ವಾ. ಬ್ಯಾರೆ ಕಡಿ ಇಟ್ರ ಓಡಿ ಹೋಗ್ತಾನ."

ಎಲ್ಲರೂ ನಕ್ಕೆವು.

ಮರುದಿನ ತಪಾಸಣೆಗೆ ಬಂದವರಿಗೆ ರನ್‌ವೇ ಮೇಲೆ ಒಂದು ಕಾಲುಂಗುರ ಸಿಕ್ಕಿತು. ಅದು ನಮ್ಮ ಜೊತೆಯ ಬೇರೊಬ್ಬಳದು. ಇಂಥದ್ದು ಇಂಜಿನ್ನಿನೊಳಗೆ ಸೇರಿದರೆ ವಿಮಾನವೇ ಬೀಳಬಹುದು ಎಂದರು. ಬಳೆ, ಕಾಲುಂಗುರ, ಫೋನು ಎಲ್ಲ ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕೆಂದಾಯಿತು. ನಾವು ಗೊಣಗುತ್ತ ಬಿಚ್ಚಿದೆವು. ಗಂಡ ಇರುವಾಗ ಕಾಲುಂಗುರ ತೆಗೆದರೆ ಅವನ ಆಯುಷ್ಯಕ್ಕೆ ಕೇಡು ಎಂದು ನಾವೂ ಕೇಳಿದ್ದವರೇ. ಆದರೆ ನಮ್ಮ ಗಂಡಂದಿರು ಗಟ್ಟಿಯಾಗಿದ್ದರು.

ಬಟ್ಟೆ ಸುತ್ತಿಕೊಳ್ಳುತ್ತೇನೆ, ಬೂಟು ಹಾಕಿಕೊಳ್ಳುತ್ತೇನೆ ಎಂದು ಅಕ್ಕ ಮೇಸ್ತ್ರಿಯನ್ನು ಬೇಡಿದಳು. ಅವನು ಕೆಟ್ಟವನಲ್ಲ, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಕೆಲವು ದಿನ ಅವಳು ಗೇಟಿನಿಂದಲೇ ತಿರುಗಿ ಹೋದಳು. ಆದರೆ ಕೂಲಿ ಇಲ್ಲದೆ ಗಂಡನಿಗೆ ಔಷಧಿ ಇಲ್ಲ. ಒಂದು ಬೆಳಿಗ್ಗೆ ಊದಿದ ಬೆರಳುಗಳಿಗೆ ಸೋಪು ಹಚ್ಚಿ ಎಳೆದು ತೆಗೆದಳು. ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಗೇಟು ಕಾಯುವ ಚಾಚಾನ ಕೈಗೆ ಕೊಟ್ಟು, ನೆಲಕ್ಕಿಡಬೇಡ ಎಂದಳು. ಆಮೇಲೆ ಪ್ರತಿ ಸಂಜೆ ಎಲ್ಲರಿಗಿಂತ ಮೊದಲು ಗೇಟಿಗೆ ಓಡುತ್ತಿದ್ದಳು.

ಅಂಥದ್ದೇ ಒಂದು ಸಂಜೆ ನಾವು ಗೇಟು ತಲುಪುವ ಹೊತ್ತಿಗೆ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಚಾಚಾ ಎತ್ತಿ ಕೇಳಿ ಇಟ್ಟ. ಯಾರದು ಎಂದು ಅವಳು ಕೇಳಿದರೆ ಅವನು ಆ ಗಂಟನ್ನು ಮುಂದೆ ಹಿಡಿದ.

"ಮೊದ್ಲು ಹಾಕ್ಕೊ ಬೇಟಿ. ಆಮ್ಯಾಲೆ ಹೇಳ್ತೀನಿ."

ಅವಳು ಹಾಕಿಕೊಂಡಳು. ಅವನು ಹೇಳಿದ. ಗಂಡನ ಜೀವ ಮಧ್ಯಾಹ್ನವೇ ಹೋಗಿತ್ತು.

ಹನ್ನೊಂದನೆಯ ದಿನ ಕುರುಗೋಡಿನ ಮನೆಯಲ್ಲಿ ಹಿರಿಯ ಹೆಂಗಸರು ಅವಳ ಕಾಲುಂಗುರ ತೆಗೆಯಲು ಬಂದರು. ಅವಳು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಅಳಲೂ ಇಲ್ಲ.

"ಅವ್ರು ಇದ್ದಾಗ್ಲೇ ನಾನೇ ತಗದೀನಿ. ಈಗ ನೀವೇನ್ ತಗೀತೀರಿ?"

ಕಾಯಿಲೆಯಿಂದ ಹೋದ, ನಿನ್ನಿಂದಲ್ಲ ಎಂದು ಎಲ್ಲರೂ ಹೇಳಿದೆವು. ಡಾಕ್ಟರೂ ಹೇಳಿದ್ದರು. ಅವಳು ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ.

ಆಮೇಲೆ ತವರೂರು ರಾರಾವಿಗೆ ಹೋದಳು. ಒಮ್ಮೆ ನೋಡಲು ಹೋಗಿದ್ದೆ. ಮುಂದಿಟ್ಟ ರೊಟ್ಟಿ ಹಾಗೇ ಒಣಗಿತ್ತು. ನಾನೂ ದಿನಾ ತೆಗೆದಿಡುತ್ತೇನಲ್ಲ ಅಕ್ಕಾ, ನನ್ನ ಗಂಡ ಚೆನ್ನಾಗಿಯೇ ಇದ್ದಾನಲ್ಲ ಎಂದೆ. ಅವಳು ನನ್ನ ಕಾಲನ್ನೇ ನೋಡುತ್ತ ಕೂತಳು...

"ಇನ್ನ ತಗೀಬ್ಯಾಡ ತಂಗಿ."

ಮಳೆಗಾಲ ಮುಗಿಯುವುದರೊಳಗೆ ಅವಳೂ ಹೋದಳು. ಜ್ವರ ಎಂದರು. ಅದಕ್ಕೂ ಮೊದಲೇ ಅವಳು ಊಟ ಬಿಟ್ಟಿದ್ದಳು.

ನಾನು ಈಗಲೂ ಆ ಕೆಲಸಕ್ಕೆ ಹೋಗುತ್ತೇನೆ, ಕಾಲುಂಗುರ ಗೇಟಿನಲ್ಲೇ ಬಿಚ್ಚಿಟ್ಟು. ಬೇಸಿಗೆ ಬಂದರೆ ರನ್‌ವೇ ಬಿರಿಯುತ್ತದೆ, ತುಂಬುತ್ತೇವೆ. ಅಕ್ಕ ಹೋಗಿ ಇಷ್ಟು ವರ್ಷವಾಯಿತು. ತಪ್ಪು ತನ್ನದಲ್ಲವೆಂದು ಅವಳು ನಂಬುವಂಥ ಒಂದು ಮಾತು ನನಗಿನ್ನೂ ಸಿಕ್ಕಿಲ್ಲ.