ನುಣುಪಿನ ಇಂಗ್ಲಿಷ್ ಶಬ್ದಗಳೂ ಒಂದು ಮಲ್ಲಕಂಬವೂ

1929ನೆಯ ಇಸವಿ. ನನಗೆ ಆಗ ಮೂವತ್ತೊಂದು ವರ್ಷ. ಪುಣೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಧಾರವಾಡದಿಂದ ಬಂದ ನಮ್ಮ ಕುಟುಂಬ ಶನಿವಾರ ಪೇಟೆಯ ಒಂದು ವಾಡೆಯ ಮಾಳಿಗೆಯಲ್ಲಿತ್ತು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅವ್ವ, ನಾನು ಮತ್ತು ಇಪ್ಪತ್ತೊಂದರ ನನ್ನ ತಮ್ಮ.

ಶುಕ್ರವಾರಕ್ಕೊಮ್ಮೆ ಸಮೀಪಾರ್ಥದ ಶಬ್ದಗಳ ಒಂದು ಗುಂಪನ್ನು ಹಲಗೆಯ ಮೇಲೆ ಬರೆದು, ಒಂದೊಂದರ ಎಲ್ಲೆಯನ್ನು ಗುರುತಿಸಿ ಕಲಿಸುವುದು ನನ್ನ ಪದ್ಧತಿ. ಆ ವಾರ ನುಣುಪು ಮಾಡುವ ಕ್ರಿಯಾಪದಗಳ ಸರದಿ. ಅವುಗಳನ್ನು ಎರಡು ಪಂಗಡ ಮಾಡಿದ್ದೆ. ಪ್ಲೇನ್, ಸ್ಯಾಂಡ್, ಬರ್ನಿಶ್ ಎಂಬವು ಒರಟನ್ನು ಹೆರೆದೋ ಉಜ್ಜಿಯೋ ನುಣುಪು ತರುವಂಥವು. ವ್ಯಾಕ್ಸ್, ಗ್ರೀಸ್, ಆಯಿಲ್ ಎಂಬವು ಮೇಲೊಂದು ಲೇಪ ಕೊಟ್ಟು ಜಾರುವಂತೆ ಮಾಡುವಂಥವು. ಲ್ಯೂಬ್ರಿಕೇಟ್ ಎಂಬುದು ಹೆಚ್ಚಾಗಿ ಯಂತ್ರಗಳಿಗೆ ಸಲ್ಲುತ್ತದೆ. ಪಾಲಿಶ್ ಮಾತ್ರ ಎರಡೂ ಪಂಗಡಗಳಲ್ಲಿ ಕಾಲಿಟ್ಟು ನನ್ನನ್ನು ಪೀಡಿಸುತ್ತಿತ್ತು. ಮೇಣವೆಂಬ ನಾಮಪದವೇ ಮೇಣ ಹಚ್ಚುವ ಕ್ರಿಯಾಪದವೂ ಆಗುವ ಇಂಗ್ಲಿಷಿನ ಸೌಕರ್ಯ ನನಗೆ ಬಲು ಮೆಚ್ಚುಗೆಯದು. ಗುರುವಾರ ಸಂಜೆ ಈ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾಗ ತಮ್ಮ ನಕ್ಕ.

"ಅಣ್ಣಾ, ಔಡಲೆಣ್ಣಿ ಹಚ್ಚಿದರೂ ಆಯಿಲ್, ಎಳ್ಳೆಣ್ಣಿ ಹಚ್ಚಿದರೂ ಆಯಿಲ್ ಅಂತೀರಿ. ನಿಮ್ಮ ಸಾಹೇಬರು ಒಂದು ದಿನಾನೂ ಮಲ್ಲಕಂಬ ಹತ್ತಿಲ್ಲ ಬಿಡ್ರಿ!"

"ನೀ ಮೊದಲ ಮ್ಯಾಟ್ರಿಕ್ ಹತ್ತು," ಎಂದೆ.

"ಅದಕ್ಕ ಯಾ ಎಣ್ಣಿ ಹಚ್ಚಬೇಕ್ರಿ?" ಎಂದ. ಒಳಗೆ ಅವ್ವನೂ ನಕ್ಕಳು.

ಅವನು ಹೇಳಿದ್ದರಲ್ಲಿ ಹುರುಳಿತ್ತು. ಹತ್ತಿ ಕಸರತ್ತು ಮಾಡುವ ಮಲ್ಲಕಂಬಕ್ಕೆ ಹಚ್ಚುವುದು ಔಡಲ ಎಣ್ಣೆಯನ್ನು, ಎಂದರೆ ಹರಳೆಣ್ಣೆಯನ್ನು. ಅದು ಮಂದ, ಮೈಯನ್ನು ಜಾರಗೊಡುತ್ತದೆ, ಹಾಗೆಯೇ ಹಿಡಿದೂ ಇಡುತ್ತದೆ. ಎಳ್ಳೆಣ್ಣೆ ತೆಳುವು, ಅದನ್ನು ಹಚ್ಚಿದರೆ ಹಿಡಿತವೆಂಬುದೇ ಇರುವುದಿಲ್ಲ. ಶನಿವಾರ ಬೆಳಿಗ್ಗೆ ಅವ್ವ ತಮ್ಮನ ಕೈಯಲ್ಲಿ ಎರಡು ಗಿಂಡಿ ಕೊಟ್ಟು ತಾಲೀಮಿಗೆ, ಎಂದರೆ ಗರಡಿಮನೆಗೆ, ಕಳಿಸುತ್ತಿದ್ದಳು. ಒಂದರಲ್ಲಿ ಅಲ್ಲಿಯ ಗೂಡಿನ ಮಾರುತಿಗೆ ಎರೆಯಲು ಎಳ್ಳೆಣ್ಣೆ, ಇನ್ನೊಂದರಲ್ಲಿ ಕಂಬಕ್ಕೆ ಔಡಲೆಣ್ಣೆ. ಇದು ಮಗನ ಮೈ ಗಟ್ಟಿಯಿರಲೆಂದು ಅವಳು ಹೊತ್ತ ಹರಕೆ. ಜಿಡ್ಡಿನ ಗಿಂಡಿಗಳನ್ನು ಅವಳು ಅಡುಗೆಮನೆಗೆ ಸೇರಿಸುತ್ತಿರಲಿಲ್ಲವಾದ್ದರಿಂದ, ಅವನು ತಾಲೀಮಿನ ಬಾವಿಯ ಬಳಿಯೇ ಅವುಗಳನ್ನು ಬೂದಿ ಹಚ್ಚಿ ಬೆಳಗಿ ತರುತ್ತಿದ್ದ.

ಆ ಶನಿವಾರ ಗಿಂಡಿಗಳನ್ನು ತಂದವರು ತಾಲೀಮಿನಲ್ಲಿ ಕಲಿಸುವ ವಸ್ತಾದರು. ತಮ್ಮನನ್ನು ನಾಲ್ವರು ಹೊತ್ತು ತಂದರು. ಅವನು ಕಂಬದ ತುದಿಯಿಂದ ತಲೆಕೆಳಗಾಗಿ ಇಳಿಯುವಾಗ ಬಿದ್ದಿದ್ದ. ಕತ್ತು ಮುರಿದಿತ್ತು.

ಸಂಜೆ ದೀಪ ಹಚ್ಚಲು ಹೋದ ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ಒಳಗೆ ಹೋದೆ. ಔಡಲೆಣ್ಣೆಯ ಬರಣಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಶುಕ್ರವಾರ ತುಂಬಿ ಬಾಯಿಗೆ ಕಟ್ಟಿದ ಅರಿವೆ ಕಟ್ಟಿದಂತೆಯೇ ಇತ್ತು. ಹಿಂದಿನ ದಿನ ಅಡುಗೆಮನೆಯ ಗೂಡು ಸಾರಿಸುವಾಗ ಬರಣಿಗಳ ಸ್ಥಾನ ಅದಲುಬದಲಾಗಿ, ಔಡಲೆಣ್ಣೆಯ ಜಾಗದಲ್ಲಿ ಅವಳಿಟ್ಟದ್ದು ಎಳ್ಳೆಣ್ಣೆಯ ಇನ್ನೊಂದು ಬರಣಿಯನ್ನು. ನಸುಕಿನ ಕತ್ತಲಲ್ಲಿ ಎರಡೂ ಗಿಂಡಿಗಳಿಗೆ ಎಳ್ಳೆಣ್ಣೆಯನ್ನೇ ತುಂಬಿದ್ದಳು.

"ಅದನ್ನ ಹಚ್ಚಿ ಹತ್ತಿದನೇನೋ?" ಎಂದಳು.

ಉತ್ತರ ಹೇಳಬಲ್ಲ ವಸ್ತುವೊಂದೂ ಉಳಿದಿರಲಿಲ್ಲ. ಗಿಂಡಿಗಳು ಬೆಳಗಿದ್ದವು. ತಮ್ಮನ ಮೈಯನ್ನು ತಾಲೀಮಿನವರು ಬಾವಿಯ ಬಳಿ ತೊಳೆದೇ ತಂದಿದ್ದರು. ಅಪಶಕುನದ ಕಂಬವೆಂದು ತಾಲೀಮಿನವರು ಮಧ್ಯಾಹ್ನವೇ ಅದನ್ನು ಕಿತ್ತು ಒಲೆಗೆ ಹಾಕಿದ್ದರು. ಬಿದ್ದಾಗ ಎದುರಿಗಿದ್ದವರು ವಸ್ತಾದರೊಬ್ಬರೇ. ಅವರು ದಹನಕ್ರಿಯೆ ಮುಗಿಯುವ ಮೊದಲೇ ಊರು ಬಿಟ್ಟಿದ್ದರು. ಎಲ್ಲಿಗೆಂದು ಯಾರಿಗೂ ತಿಳಿಯದು.

ಅಂದಿನಿಂದ ಅವ್ವ ಎಣ್ಣೆ ಮುಟ್ಟಲಿಲ್ಲ. ದೀಪಕ್ಕೆ ತುಪ್ಪ, ಒಗ್ಗರಣೆಗೂ ತುಪ್ಪ. ಅದಿಲ್ಲದ ದಿನ ಸಪ್ಪೆ ಸಾರು. ಅವಳ ಕೂದಲು ಒಣಗಿ ನಾರಾಯಿತು. ಬಾಣಂತನ ಮುಗಿಸಿ ಬಂದ ನನ್ನ ಹೆಂಡತಿ ಕೂಸಿಗೆ ಎಣ್ಣೆ ತಿಕ್ಕುವಾಗ ಅವ್ವ ಎದ್ದು ಹೊರಗೆ ಹೋಗುತ್ತಿದ್ದಳು. ಶನಿವಾರ ಸಂಜೆಯಾದರೆ, ಎದುರಿಗೆ ಯಾರಿದ್ದರೂ, ಅದೇ ಪ್ರಶ್ನೆ: "ಅದನ್ನ ಹಚ್ಚಿದನೇನೋ?"

ಆ ಪ್ರಶ್ನೆ ನನ್ನ ಹಿಂದೆ ಶಾಲೆಗೂ ಬಂತು. ಹಲಗೆಯ ಮೇಲೆ ಆಯಿಲ್ ಎಂದು ಬರೆದರೆ ಸುಣ್ಣದ ಅಕ್ಷರ ಒದ್ದೆಯಾಗಿರುವಂತೆ ತೋರಿ, ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದೆ. ಗ್ರೀಸ್ ಎಂದರೆ ಸಾಕು, ಮರದ ಮೇಲೆ ಅಂಗೈ ಸರ್ರನೆ ಇಳಿದ ಸದ್ದು ಕಿವಿಗೆ ಬೀಳುತ್ತಿತ್ತು. ಅದು ನನ್ನ ಭ್ರಮೆಯೆಂದೇ ತಿಳಿದಿದ್ದೆ. ಆದರೆ ಒಂದು ಮುಸ್ಸಂಜೆ ನಮ್ಮ ವಾಡೆಯ ಮಾಳಿಗೆಗೆ ಹತ್ತುವ ಮರದ ಜಿನೆಯ ಕಟಕಟೆಯ ಮೇಲೆ ಅದೇ ಸದ್ದು ಕೇಳಿ ನಾನು ತಲೆಯೆತ್ತಿದಾಗ, ಅವ್ವನೂ ಅತ್ತಲೇ ನೋಡುತ್ತಿದ್ದಳು. ಜಿನೆಯಲ್ಲಿ ಯಾರೂ ಇರಲಿಲ್ಲ. ಮರುವರ್ಷದಿಂದ ಆ ಪಾಠವನ್ನು ಕೈಬಿಟ್ಟೆ.

ಮೈಲಾರಲಿಂಗ ನಮ್ಮ ಮನೆದೇವರು. ಪುಣೆಯಲ್ಲಿದ್ದವರಿಗೆ ಅವನ ದರ್ಶನಕ್ಕೆ ಜೇಜುರಿಯೇ ಹತ್ತಿರ. ಬಹಳ ವರ್ಷಗಳ ನಂತರ ಅವ್ವನನ್ನು ಅಲ್ಲಿಗೆ ಕರೆದೊಯ್ದಿದ್ದೆ. ದರ್ಶನ ಮುಗಿಸಿ ಇಳಿಯುವಾಗ, ಮೆಟ್ಟಿಲ ಬದಿಯಲ್ಲಿ ಕೋಲೂರಿ ಕುಳಿತಿದ್ದ ಮುದುಕರೊಬ್ಬರ ಎದುರಿಗೆ ಅವ್ವ ನಿಂತುಬಿಟ್ಟಳು. ಅವರೇ ವಸ್ತಾದರು.

"ಮಾಸ್ತರ, ನಿಮ್ಮ ಆಯಿಗೆ ಮುಖ ತೋರಿಸಲಾರದೆ ಊರು ಬಿಟ್ಟೆ," ಎಂದು ಅವರು ಮರಾಠಿಯಲ್ಲಿ ಹೇಳಿದರು.

ಅವ್ವನ ಪ್ರಶ್ನೆಯನ್ನು ನಾನು ಮರಾಠಿಯಲ್ಲಿ ಕೇಳಿದೆ: ಅಂದು ಕಂಬಕ್ಕೆ ಯಾವ ಎಣ್ಣೆ ಹಚ್ಚಿತ್ತು?

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾವ ಎಣ್ಣೆಯೂ ಇಲ್ಲ. ಒಣಕಂಬ. ಅದೇ ಆದದ್ದು. ಒಣಕಟ್ಟಿಗೆ ತೊಡೆಯನ್ನು ನಡುವೆಯೇ ಕಚ್ಚಿ ಹಿಡಿಯಿತು, ಮೈ ಮುಂದಕ್ಕೆ ಹೋಯಿತು. ಇಂದು ಹತ್ತಬೇಡ ಎಂದಿದ್ದೆ. ಒಂದೇ ಸಲ ಎಂದ."

"ಎರಡು ಗಿಂಡಿ ಒಯ್ದಿದ್ದನಲ್ಲ?"

"ನಾನು ಹೋದಾಗ ಎರಡನ್ನೂ ಬೆಳಗುತ್ತಿದ್ದ. ಮಾರುತಿಯ ಮೈತುಂಬ ಎಣ್ಣೆ ಹರಿಯುತ್ತಿತ್ತು. ಕಂಬದ್ದು ಎಲ್ಲಿ ಎಂದು ಕೇಳಿದೆ. ತುಂಬಿಕೊಂಡು ಬರಲು ನಾನೇ ಮರೆತೆ, ವಸ್ತಾದ, ಎಂದ."

ನಾನು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆದೆ. ಅವ್ವ ಕೈಯೆತ್ತಿ ತಡೆದಳು.

"ತಿಳೀತು ನನಗ. ಗಿಂಡಿ ಮೂಸಿ ನೋಡ್ಯಾನ ಅಂವ. ಎರಡೂ ಎಳ್ಳೆಣ್ಣಿ ಅಂತ ತಿಳಿದು ಎಲ್ಲಾ ಮಾರುತಿಗೇ ಎರದಾನ. ನನ್ನ ತಪ್ಪನ್ನ ತನ್ನ ಮ್ಯಾಲ ಹಾಕ್ಕೊಂಡಾನ."

ಲೇಪ ಕೊಡುವ ಶಬ್ದಗಳನ್ನೂ ಹೆರೆಯುವ ಶಬ್ದಗಳನ್ನೂ ಅಷ್ಟು ಜತನದಿಂದ ವಿಂಗಡಿಸಿದವನು ನಾನು. ಏನನ್ನೂ ಹಚ್ಚದೆ ಬಿಟ್ಟ ಕಂಬವೊಂದು ಇರಬಹುದೆಂದು ಇಷ್ಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವ್ವ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ವಸ್ತಾದರ ಪಕ್ಕದ ಮೆಟ್ಟಿಲಲ್ಲಿ ಕುಳಿತಳು. ತನಗೆ ಬರುವ ಹರಕುಮುರುಕು ಮರಾಠಿಯಲ್ಲಿ ತಾನೇ ಕೇಳಿದಳು: ಮರೆತೆ ಎಂದು ಹೇಳುವಾಗ ನಗುತ್ತಿದ್ದನೆ?

ಮುದುಕರು ಕೋಲನ್ನು ಪಕ್ಕಕ್ಕಿಟ್ಟರು. "ಹೌದು ಆಯಿ," ಎಂದರು. "ನಗುತ್ತಲೇ ಹೇಳಿದ."

ಅವ್ವ "ಹೂಂ" ಎಂದಳು. ಬಳಿಕ ಯಾವ ಶನಿವಾರವೂ ಆ ಪ್ರಶ್ನೆ ಕೇಳಲಿಲ್ಲ. ಜೇಜುರಿಯ ಆ ದಿನ 1938ನೆಯ ಇಸವಿಯ ಡಿಸೆಂಬರ್ 10, ಶನಿವಾರ.