ಸಾಹೇಬರು ಕೂತ ಹೊರಸು

ನಮ್ಮ ಮನೆಯ ಹಬ್ಬಕ್ಕಿಂತ ಬೇರೆಯವರ ಹಬ್ಬ ನನಗೆ ಯಾವಾಗಲೂ ಹೆಚ್ಚು ಚೆಂದ ಕಾಣುತ್ತದೆ. ಕಾರಣ ಗುಟ್ಟಿನದೇನಲ್ಲ. ನಮ್ಮ ಹಬ್ಬದಲ್ಲಿ ನಸುಕಿನಲ್ಲೇ ಎದ್ದು ಎಣ್ಣೆ ಹಚ್ಚಿಸಿಕೊಳ್ಳಬೇಕು, ಹೂರಣ ಅರೆಯುವ ಕಲ್ಲಿನ ಮುಂದೆ ಕೂರಬೇಕು, ಹಸಿದ ಹೊಟ್ಟೆಯಲ್ಲಿ ಮಂತ್ರ ಮುಗಿಯುವುದನ್ನು ಕಾಯಬೇಕು. ಬೇರೆಯವರ ಹಬ್ಬದಲ್ಲಿ ಸುಮ್ಮನೆ ನಿಂತು ತಲೆದೂಗಿದರೆ ಸಾಕು. ರಸಿಕನೆಂಬ ಹೆಸರೂ ಬರುತ್ತದೆ. ಈ ರಸಿಕತೆ ನನಗೆ ಬಹಳ ದಿನ ಒಗ್ಗಿತ್ತು.

ಸಂಸ್ಥಾನದ ಕಾಲದಲ್ಲಿ ನಾನು ಜಮಖಂಡಿಯ ಶಾಲೆಯಲ್ಲಿ ಇಂಗ್ಲಿಷು ಕಲಿಸುತ್ತಿದ್ದೆ. ಹುಟ್ಟಿ ಬೆಳೆದದ್ದು ಬೀಳಗಿಯ ಕಡೆ, ಲಂಬಾಣಿ ತಾಂಡಾವೊಂದರ ನೆರೆಯಲ್ಲಿ. ಹೀಗಾಗಿ ಸಂಸ್ಥಾನದ ಬಂಗಲೆಗೆ ಇಳಿದ ಅತಿಥಿಗಳಿಗೆ ಆ ತಾಂಡಾದ ಹಬ್ಬ ತೋರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಅತಿಥಿಗಳಿಗೆ ಅದರ ಹುಚ್ಚು ವಿಪರೀತ. ಕನ್ನಡಿಯ ಚೂರು ಹೊಲಿದ ಲಂಗ, ತೋಳು ತುಂಬ ಬಳೆ, ಹೆಣ್ಣುಮಕ್ಕಳ ಹಾಡು, ಕುಣಿತ. ಒಮ್ಮೆ ನೋಡಿದವರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಿದ್ದರು. ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಂಡುಗಳ ಹಿಂದೆ ದೇಶ ಸುತ್ತಿದ ಜನ ಇವರು. ರೈಲು ಬಂದು ಆ ವ್ಯಾಪಾರ ಹೋದ ಮೇಲೆ ಗುಡ್ಡದ ಬದಿಗೆ ನೆಲೆ ನಿಂತರು. ದೇಶ ಸುತ್ತುವವರು ಈಗ ಇವರನ್ನೇ ನೋಡಲು ಬರುತ್ತಾರಲ್ಲ ಎಂದು ನಾನು ಚಮತ್ಕಾರದ ಮಾತೊಂದನ್ನು ಆಡುತ್ತಿದ್ದೆ. ಅತಿಥಿಗಳು ಪ್ರತಿಸಲವೂ ನಗುತ್ತಿದ್ದರು.

ಆ ದೀಪಾವಳಿಗೆ ಬಂದವರು ವಯಸ್ಸಾದ ಒಬ್ಬ ಇಂಗ್ಲಿಷ್ ಸಾಹೇಬರು. ನೌಕರಿ ಮುಗಿಸಿ, ತಮ್ಮ ಊರಿಗೆ ಮರಳುವ ಮುನ್ನ ನಾಡು ನೋಡಲು ಹೊರಟವರು. ನಾನು ಕೋಟು ತೊಡುವಾಗ ಹೆಂಡತಿ ಕೇಳಿದಳು, "ಮನ್ಯಾಗ ಅಮಾಸಿ ಪೂಜಿ ಬಿಟ್ಟ ಅವ್ರ ಹಬ್ಬಕ್ಕ ಹೊಂಟೀರೇನ್ರಿ?" ಸಂಸ್ಥಾನದ ಅಪ್ಪಣೆ ಎಂದೆ. ಅಪ್ಪಣೆ ಇರದಿದ್ದರೂ ಹೋಗುತ್ತಿದ್ದೆ ಎಂಬುದು ಆಕೆಗೂ ಗೊತ್ತಿತ್ತು.

ತಾಂಡಾದಲ್ಲಿ ಅಮಾವಾಸ್ಯೆಯ ಸಂಜೆ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಿರಿಯರ ಎದುರು ದೀಪ ಎತ್ತಿ 'ಮೇರಾ' ಎಂದು ಒಳ್ಳೆಯದನ್ನು ಕೋರುತ್ತಾರೆ. ಹಿರಿಯರು ಆ ದೀಪದ ಎಣ್ಣೆಯಲ್ಲಿ ಒಂದು ನಾಣ್ಯ ಹಾಕಬೇಕು. ಮದುವೆಯಾದ ಮೇಲೆ ಆ ದೀಪ ಹಿಡಿಯುವಂತಿಲ್ಲ. ಹೀಗಾಗಿ ಮದುವೆ ನಿಶ್ಚಯವಾದವಳಿಗೆ ಅದು ತವರಿನಲ್ಲಿ ಹಿಡಿಯುವ ಕೊನೆಯ ದೀಪ.

ಆ ವರ್ಷ ಅಂಥ ಕೊನೆಯ ದೀಪ ಸೋನಿ ಎಂಬ ಹುಡುಗಿಯದು. ಅವಳ ತಂದೆ ಮುಂಗಾರಿನಲ್ಲಿ ತೀರಿಕೊಂಡಿದ್ದ. ಇದು ನಮಗೆ ತಿಳಿದಿರಲಿಲ್ಲ. ಸಾಹೇಬರು ನಡೆದು ದಣಿದಿದ್ದರು, ಒಂದು ಗುಡಿಸಲ ಮುಂದೆ ನುಲಿಯ ಹೊರಸು ಖಾಲಿ ಕಂಡಿತು, ಕೂತುಬಿಟ್ಟರು. ತಾಂಡಾದ ನಾಯಕ ಓಡಿಬಂದು ನನ್ನ ಕಿವಿಯಲ್ಲಿ ಹೇಳಿದ: "ಮಾಸ್ತರ್ರ, ಅದು ಸೋನಿ ಅಪ್ಪನ ಹೊರಸರಿ. ಹ್ವಾದ ವರ್ಷ ಅಲ್ಲೇ ಕುಂತು ಮಗಳ ಕಡಿಂದ ಮೇರಾ ಅನಿಸ್ಕೊಂಡಿದ್ದ. ಈ ಸಲ ಬರೇ ಹೊರಸಿಗೇ ದೀಪ ತೋರಸ್ತೇನಂತ ಇಟ್ಟಾಳ."

ಸಾಹೇಬರನ್ನು ಎಬ್ಬಿಸಲು ನಾನು ಹೆಜ್ಜೆ ಎತ್ತುವಷ್ಟರಲ್ಲಿ ಹುಡುಗಿಯರ ಗುಂಪು ಬಂದುಬಿಟ್ಟಿತು. ಹೊರಸನ್ನು ಕಂಡು ಸೋನಿ ನಿಂತಳು. ಹಾಡು ನಿಂತಿತು. ಆಟ ಮುಗಿಯಿತು, ಇನ್ನು ಬಕ್ಷೀಸು ಕೊಡಬೇಕು ಎಂದುಕೊಂಡರು ಸಾಹೇಬರು. ಕಿಸೆಯಿಂದ ಒಂದು ರೂಪಾಯಿ ತೆಗೆದು, ಎಲ್ಲಿ ಹಾಕುವುದೆಂದು ತಿಳಿಯದೆ, ಅವಳ ದೀಪದಲ್ಲೇ ಇಟ್ಟರು.

ತಂದೆ ಮಾಡುವುದೂ ಅದನ್ನೇ. ಸೋನಿ ಅವರ ಮುಖವನ್ನೇ ನೋಡಿದಳು. ಆಮೇಲೆ ದೀಪ ಎತ್ತಿ, "ಬಾಪೂ, ಮೇರಾ" ಎಂದು ಅತ್ತುಬಿಟ್ಟಳು. ಸುತ್ತಲಿನ ಹೆಂಗಸರೆಲ್ಲ ಅತ್ತರು. ಅವಳ ತಾಯಿ ಬಾಗಿಲಲ್ಲೇ ಕುಸಿದು ಕೂತು ನನ್ನ ಕಡೆ ನೋಡಿ ಅಂದಳು, "ಅಪ್ಪನ ಹೊರಸಿನ ಮ್ಯಾಲ ಕುಂತು ದೀಪದಾಗ ರೊಕ್ಕ ಹಾಕ್ಯಾರ. ಇನ್ನ ಲಗ್ನದಾಗ ಮಗಳ್ನ ಕಳಸಾಕ ಅವರ ಬರಬೇಕ್ರಿ."

ಚಕ್ಕಡಿಯಲ್ಲಿ ಮರಳುವಾಗ ಸಾಹೇಬರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ಹಡಗು ಮದುವೆಗೆ ಮೊದಲೇ ಹೊರಡುವುದಿತ್ತು. "ನನ್ನ ಬದಲು ನೀವು ಹೋಗಿ" ಎಂದು ಕೈ ಹಿಡಿದುಕೊಂಡರು. ಸಾಹೇಬರೊಬ್ಬರು ನನ್ನ ಕೈ ಹಿಡಿದದ್ದು ಅದೇ ಮೊದಲು. ಆ ಜಂಬದಲ್ಲಿ ಹೂಂ ಅಂದುಬಿಟ್ಟೆ. ಏನನ್ನು ಒಪ್ಪಿಕೊಂಡೆನೆಂದು ಆಗ ಹೊಳೆಯಲಿಲ್ಲ.

ಮದುವೆಗೆ ಹೋದೆ. ಲಂಬಾಣಿ ಮದುಮಗಳು ತವರು ಬಿಡುವಾಗ ಹಿರಿಯರ ಕೊರಳು ತಬ್ಬಿ ರಾಗ ಮಾಡಿ ಅಳುತ್ತಾಳೆ; ಢಾವಲೋ ಎಂದು ಅದರ ಹೆಸರು. ಚಿಕ್ಕಂದಿನಿಂದ ದೂರ ನಿಂತು ಅದನ್ನು ಕೇಳಿದವನು ನಾನು. ಅದರ ಧಾಟಿಯನ್ನು ಅತಿಥಿಗಳ ಮುಂದೆ ಗುನುಗಿ ಮೆಚ್ಚಿಗೆ ಗಳಿಸಿದವನು. ಆ ದಿನ ನಾಯಕ ನನ್ನನ್ನು ಕರೆದು ತಂದೆ ನಿಲ್ಲುವ ಜಾಗದಲ್ಲಿ ನಿಲ್ಲಿಸಿದ. ಸೋನಿ ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟಳು. ಅಷ್ಟು ಹತ್ತಿರದಲ್ಲಿ ರಾಗ ಕೇಳಿಸುವುದಿಲ್ಲ. ಉಸಿರು ಕೇಳಿಸುತ್ತದೆ, ಅಂಗಿ ಒದ್ದೆಯಾಗುತ್ತದೆ.

"ಬಾಪೂ" ಎಂದಳು. ಸತ್ತವನನ್ನು ಕರೆದಳೋ, ಹಡಗು ಹತ್ತಿ ಹೋದವರನ್ನು ಕರೆದಳೋ ತಿಳಿಯಲಿಲ್ಲ. ಕರೆದದ್ದು ನನ್ನನ್ನಂತೂ ಅಲ್ಲ. ಆದರೆ ಓಗೊಡುವುದಕ್ಕೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಏನವ್ವಾ" ಎಂದೆ.