ಕಾಶಿ ಆತ್ಯಾನ ಬೆಚ್ಚನೆಯ ಕೋಣೆ

ಜಮಖಂಡಿಯ ಬ್ರಾಹ್ಮಣರ ಓಣಿಯಲ್ಲಿ ಥಂಡಿ ದಿನಗಳಲ್ಲಿ ಯಾರಾದರೂ ಹೆತ್ತರೆಂದರೆ ಸೂಲಗಿತ್ತಿಯ ಹಿಂದೆಯೇ ಕಾಶೀಬಾಯಿಗೂ ಕರೆ ಹೋಗುತ್ತಿತ್ತು. ಸೂಲಗಿತ್ತಿಯ ಕೆಲಸ ಒಂದು ದಿನದ್ದು. ಆಮೇಲಿನ ನಲವತ್ತು ದಿನ ಬಾಣಂತಿಗೆ ಗಾಳಿ ಸೋಕದ ಹಾಗೆ, ಕೂಸಿಗೆ ನೆಗಡಿಯಾಗದ ಹಾಗೆ ಕಾಯುವುದು ಕಾಶೀಬಾಯಿಯ ಕೆಲಸ. ಅಳವಿ ಪಾಯಸ ಎಷ್ಟು ಗಟ್ಟಿ ಇರಬೇಕು, ಅಂಟಿನ ಉಂಡಿಗೆ ತುಪ್ಪ ಎಷ್ಟು, ಓಂಕಾಳಿನ ಹೊಗೆ ಯಾವ ಹೊತ್ತಿಗೆ, ಕಿವಿಯಲ್ಲಿ ಹತ್ತಿ ಎಷ್ಟು ದಿನ, ಎಲ್ಲ ಅವಳು ಹೇಳಿದ್ದೇ ಕಾಯಿದೆ. ಅಣ್ಣನ ಮಕ್ಕಳು ಅವಳನ್ನು ಆತ್ಯಾ ಎನ್ನುತ್ತಿದ್ದರು. ಕೇಳಿ ಕೇಳಿ ಓಣಿಗೆ ಓಣಿಯೇ ಆತ್ಯಾ ಎನ್ನತೊಡಗಿತ್ತು.

ಅಣ್ಣ ವಾಸುದೇವರಾವ್ ಸಂಸ್ಥಾನದ ಕಾಲದ ಕಾರಕೂನ. ಸಂಸ್ಥಾನ ಮುಂಬೈ ಪ್ರಾಂತ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಈಗ ಮಾಮಲೇದಾರ ಕಚೇರಿಯಲ್ಲಿ ಅದೇ ಕುರ್ಚಿ, ಅದೇ ಕೆಮ್ಮು. ಅವರ ಮನೆಯಲ್ಲಿ ವಿಧವೆ ತಂಗಿಗೆ ಮೂವತ್ತು ವರ್ಷದಿಂದ ಒಂದು ಮೂಲೆ ಇತ್ತು, ಎರಡು ಹೊತ್ತಿನ ಊಟ ಇತ್ತು. ಯಾರೂ ಬೈಯುತ್ತಿರಲಿಲ್ಲ. ಆದರೆ ಅವಳು ಮಾತಾಡಿದರೆ ಯಾರೂ ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಬಾಣಂತಿ ಕೋಣೆಗೆ ಕಾಲಿಟ್ಟಾಗ ಮಾತ್ರ ಅವಳಿಗೆ ಧ್ವನಿ ಬರುತ್ತಿತ್ತು. ವಕೀಲರ ಹೆಂಡಂದಿರೂ ಅಲ್ಲಿ ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಸುಳ್ಳೇಕೆ ಹೇಳಬೇಕು, ಇದನ್ನು ಅವಳು ಚಪ್ಪರಿಸಿ ಅನುಭವಿಸುತ್ತಿದ್ದಳು.

ಅವಳ ಪರವಾಗಿಯೂ ಒಂದು ಮಾತು ಹೇಳಬೇಕು. ಹದಿನೆಂಟರ ವಯಸ್ಸಿನಲ್ಲಿ ಅವಳು ಗಲಗಲಿಯ ಹೊಳೆದಂಡೆಯ ಮನೆಯಲ್ಲಿ ಒಂದು ಗಂಡು ಕೂಸನ್ನು ಹೆತ್ತಿದ್ದಳು. ಪುಷ್ಯಮಾಸದ ಥಂಡಿ, ಹೊಳೆಯ ಮೇಲಿನ ಗಾಳಿ. ಬಾಣಂತಿಗೆ ಇಷ್ಟು ಕೆಂಡ ಯಾಕೆ ಎಂದು ಅತ್ತೆ ಕಟ್ಟಿಗೆ ಎಣಿಸಿ ಕೊಟ್ಟಳು. ಆರನೆಯ ದಿನ ಕೂಸು ಹೋಯಿತು, ಮರುವರ್ಷ ಗಂಡನೂ ಹೋದ. ಅಂದಿನಿಂದ ಯಾವ ಬಾಣಂತಿಯೂ ನಡುಗಬಾರದು ಎಂದು ಅವಳು ಹಟ ಹಿಡಿದಿದ್ದಳು. ಆ ಹಟದಲ್ಲಿ ಕಪಟ ಇರಲಿಲ್ಲ.

ಆ ವರ್ಷ ಮಾರ್ಗಶಿರದಲ್ಲಿ ಅದೇ ಓಣಿಯ ಪಾಂಡುರಂಗರಾಯರ ಮಗಳು ಇಂದಿರಾ ತವರಿಗೆ ಬಂದು ಚೊಚ್ಚಲ ಗಂಡು ಹೆತ್ತಳು. ಅವಳ ತಾಯಿ ಕೃಷ್ಣಾಬಾಯಿ ಆಗಲೇ ಹೇಳಿಬಿಟ್ಟಳು, "ಆತ್ಯಾ, ಕೋಣಿ ನಿಮ್ಮ ಸುಪರ್ದು. ನಾ ಏನೂ ಕೇಳಂಗಿಲ್ಲ."

ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆಯಲು ಸಿದ್ದಕ್ಕ ಬರುತ್ತಿದ್ದಳು. ಬೀರೇಶ್ವರನ ಒಕ್ಕಲಿನ ಕುರುಬರವಳು, ಊರ ಹೊರಗೆ ಕುರಿಹಟ್ಟಿ. ಹತ್ತು ದಿನ ಬಾಣಂತಿ ಮೈಲಿಗೆ ಎಂದು ಮನೆಯವರು ಅವಳನ್ನು ಮುಟ್ಟುವ ಹಾಗಿರಲಿಲ್ಲ. ಸಿದ್ದಕ್ಕನಿಗೆ ಆ ಅಡ್ಡಿ ಇರಲಿಲ್ಲ. ಓಣಿಯ ನಾಲ್ಕೈದು ಮನೆಯ ಕೂಸುಗಳೆಲ್ಲ ಅವಳ ಕಾಲ ಮೇಲೆ ಮಲಗಿ ಮಿಂದು ಬೆಳೆದಿದ್ದವು. ಅವಳ ಸಂಸಾರದ ಅರ್ಧ ಊಟ ಅದರಿಂದಲೇ ನಡೆಯುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆಯೇ ಮೋಡ ಕವಿದು ಕುಳಿರ್ಗಾಳಿ ಬೀಸತೊಡಗಿತು. ಅಂದಿನವರೆಗೆ ಅಗ್ಗಿಷ್ಟಿಗೆಗೆ ಸಗಣಿಯ ಕುಳ್ಳು ಹಾಕುತ್ತಿದ್ದರು. ಕುಳ್ಳಿನ ಹೊಗೆಗೆ ಕಣ್ಣುರಿ, ಕೆಮ್ಮು. ಗಳಿಗೆಗೊಮ್ಮೆ ಬಾಗಿಲು ತೆಗೆಯಬೇಕು. ಕಾಶೀಬಾಯಿ ಅಂದು ಒಂದು ಚೀಲ ಇದ್ದಿಲು ತರಿಸಿದಳು. ಹೊಗೆಯಿಲ್ಲ, ಕಾವು ಮಾತ್ರ. ಕಿಟಕಿಯ ಸಂದಿಗೆಲ್ಲ ಹಳೆ ಸೀರೆಯ ಚಿಂದಿ ತುರುಕಿ, ಮೇಲೊಂದು ಗೋಣಿತಟ್ಟು ಬಿಗಿದಳು. ನೀರೆರೆದು ಕೈ ಒರೆಸಿಕೊಳ್ಳುತ್ತಿದ್ದ ಸಿದ್ದಕ್ಕ ಅದನ್ನೇ ನೋಡುತ್ತ ನಿಂತಳು.

"ಬಾಯಾರ, ಕಿಡಕಿ ಒಂದ್ ಗೇಣಾದ್ರೂ ತಗದಿಡ್ರಿ. ಇದ್ದಲಿ ಕೆಂಡದ ಕಾವು ಮುಚ್ಚಿದ ಮನ್ಯಾಗ ಛಲೋ ಅಲ್ರಿ."

"ಹೊಗಿ ಎಲ್ಲೆ ಅದ, ತೋರಸು?"

"ಅದ ನೋಡ್ರಿ, ಅದು ಕಣ್ಣಿಗಿ ಕಾಣಂಗಿಲ್ರಿ. ಹ್ವಾದ ವರ್ಸ ಥಂಡಿ ಅಂತ ಮರಿ ಗುಡಸಲದಾಗ ಕೆಂಡ ಇಟ್ಟು ತಟ್ಟಿ ಮುಚ್ಚಿದ್ವಿ. ಮುಂಜಾನಿ ನೋಡಿದ್ರ ಹನ್ನೆರಡು ಮರಿ ಮಲಗಿದಲ್ಲೇ ಹೋಗಿದ್ವು. ಮೈ ಬೆಚ್ಚಗ ಇತ್ರಿ."

ಕಾಶೀಬಾಯಿಗೆ ಮೈ ಉರಿಯಿತು. ಮೂವತ್ತು ವರ್ಷ ಬಾಣಂತನ ಮಾಡಿದವಳಿಗೆ ಕುರಿಮರಿಯ ಪಾಠ. ಮಂಚದ ಮೇಲಿನ ಇಂದಿರಾಗೂ ಕೇಳಲಿ ಎಂದೇ ಧ್ವನಿ ಏರಿಸಿದಳು. "ಇದು ಕುರಿಹಟ್ಟಿ ಅಲ್ಲ ಸಿದ್ದಕ್ಕ. ಮನಷ್ಯಾರ ಮನಿ. ನಿನ್ನ ಎಣ್ಣಿ ನೀರಿನ ಕೆಲಸ ಮುಗೀತಲ್ಲ, ಹೋಗು." ಇಂದಿರಾ ನಕ್ಕಳು. ಸಿದ್ದಕ್ಕ ಮಾತು ಬೆಳೆಸಲಿಲ್ಲ. ಹೊತ್ತು ಇಳಿದ ಮೇಲೆ ಕೂಸಿಗೆ ಒಂದು ಮೆತ್ತನೆಯ ಮರಿಗಂಬಳಿ ತಂದುಕೊಡುತ್ತೇನೆ ಎಂದಷ್ಟೇ ಹೇಳಿ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಕಾಶೀಬಾಯಿ ಅಗ್ಗಿಷ್ಟಿಗೆಗೆ ಇನ್ನೊಂದು ಬುಟ್ಟಿ ಇದ್ದಿಲು ಸುರಿದು, ಮಂಚದ ಕೆಳಗೆ ಸರಿಸಿ, ಬಾಗಿಲು ಎಳೆದುಕೊಂಡಳು. ಹನ್ನೊಂದನೆಯ ದಿನದ ನೈವೇದ್ಯಕ್ಕೆ ಉಂಡಿ ಕಟ್ಟುವುದಿತ್ತು. ಬಾಣಂತಿ ಕೋಣೆಗೆ ಹೋಗಿ ಬಂದದ್ದರಿಂದ ಮತ್ತೆ ಸ್ನಾನ ಮಾಡಿ ಮಡಿ ಉಟ್ಟಳು. ಬೆಳಗಿನದು ಒಂದು, ಇದು ಎರಡನೆಯದು; ಹಿತ್ತಲಿನ ತಣ್ಣೀರು ಎಲುಬಿನೊಳಗೆ ಇಳಿದಿತ್ತು. ಕೃಷ್ಣಾಬಾಯಿ ವಿಠೋಬಾನ ಗುಡಿಗೆ ಹೋಗಿದ್ದಳು. ಮನೆ ನಿಶ್ಶಬ್ದವಾಗಿತ್ತು. ಕೂಸು ಒಂದು ಸಲವೂ ಅಳಲಿಲ್ಲ, ಕಾವು ಹಿತವಾಗಿದೆ ಎಂದು ಕಾಶೀಬಾಯಿ ತುಪ್ಪದಲ್ಲಿ ಅಂಟು ಅರಳಿಸುತ್ತ ಸಮಾಧಾನಪಟ್ಟಳು.

ನಾಲ್ಕು ಗಂಟೆಯ ಸುಮಾರಿಗೆ ಬಾಗಿಲು ತೆರೆದು ಇಣುಕಿದಳು. ಇಂದಿರಾನ ಕೆನ್ನೆ ಕೆಂಪಗಿದ್ದವು. ಎಂಥ ಛಲೋ ಬಣ್ಣ ಬಂದಿದೆ ಎನ್ನಿಸಿತು ಅವಳಿಗೆ, ದೇವರೇ, ಅದೇ ಮೊದಲು ಅನ್ನಿಸಿದ್ದು. ಆಮೇಲೆ ನೋಡಿದರೆ ಕಣ್ಣು ಅರೆ ತೆರೆದಿವೆ, ತುಟಿ ಅಲುಗುತ್ತಿವೆ, ಮಾತು ಹೊರಡುತ್ತಿಲ್ಲ. ಪಕ್ಕದಲ್ಲಿ ಕೂಸು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ಇಂದೀ," ಎಂದಳು. "ಇಂದೀ, ಏಳವಾ."

ಒಳಗೆ ಹೋಗಬೇಕಾಗಿತ್ತು. ನಾಲ್ಕು ಹೆಜ್ಜೆ, ಅಷ್ಟೇ. ಆದರೆ ಅವಳು ಮಡಿಯಲ್ಲಿದ್ದಳು. ಮುಟ್ಟಿದರೆ ಮೂರನೆಯ ಸಲ ತಣ್ಣೀರು. ಒಲೆಯ ಮೇಲೆ ತುಪ್ಪ ಇತ್ತು, ಉಂಡಿಯೆಲ್ಲ ಕೆಡುತ್ತಿತ್ತು. ಇದನ್ನೆಲ್ಲ ಅವಳು ಕೂತು ಯೋಚಿಸಿದಳೆಂದಲ್ಲ. ಕಾಲು ಮುಂದೆ ಹೋಗಲಿಲ್ಲ. ಹೊಸ್ತಿಲ ಈಚೆ ನಿಂತು ಅದೇ ಹೆಸರನ್ನು ಮತ್ತೆ ಮತ್ತೆ ಕರೆದಳು. ಇಪ್ಪತ್ತು ಎಣಿಸುವಷ್ಟು ಹೊತ್ತು, ಬಹುಶಃ ಇನ್ನೂ ಹೆಚ್ಚು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಸಿದ್ದಕ್ಕ ಕಂಬಳಿ ಹಿಡಿದು ಬಂದಳು. ಒಂದು ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. ಕಾಶೀಬಾಯಿಯನ್ನು ಭುಜದಿಂದ ನೂಕಿ ಒಳಗೆ ನುಗ್ಗಿದಳು. ಮೊದಲು ಕೂಸನ್ನು ಎತ್ತಿ ಅಂಗಳಕ್ಕೆ ತಂದು ಕಂಬಳಿಯಲ್ಲಿ ಸುತ್ತಿಟ್ಟಳು, ತಿರುಗಿ ಹೋಗಿ ಇಂದಿರಾನನ್ನು ಕಂಕುಳಿಗೆ ಕೈ ಹಾಕಿ ಎಳೆದು ತಂದಳು. ಕೂಸಿನ ಬೆನ್ನು ತಿಕ್ಕಿದಳು, ಅಂಗಾಲಿಗೆ ಹೊಡೆದಳು. ಬಹಳ ಹೊತ್ತಿನ ಮೇಲೆ ಅದು ಕುಯ್ಯೆಂದಿತು. ಇಂದಿರಾ ವಾಂತಿ ಮಾಡಿಕೊಂಡು, ತಲೆ ಹಿಡಿದುಕೊಂಡು ಅಳತೊಡಗಿದಳು. ಸಿದ್ದಕ್ಕ ಕಿಟಕಿಯ ಚಿಂದಿಯೆಲ್ಲ ಕಿತ್ತು ಬಿಸಾಡಿದಳು. ಕಾಶೀಬಾಯಿ ಗೋಡೆಗೆ ಆನಿಕೊಂಡು ನಿಂತೇ ಇದ್ದಳು.

ಕೃಷ್ಣಾಬಾಯಿ ಗುಡಿಯಿಂದ ಬಂದಾಗ ಕಂಡದ್ದು ಇಷ್ಟು: ಒಂಬತ್ತು ದಿನದ ಬಾಣಂತಿ ಬಿಚ್ಚುಗೂದಲಲ್ಲಿ ಅಂಗಳದ ಗಾಳಿಯಲ್ಲಿ ಬಿದ್ದಿದ್ದಾಳೆ, ಕೂಸು ಸಿದ್ದಕ್ಕನ ಕಂಬಳಿಯಲ್ಲಿದೆ. "ಇದೇನಿದು ಆತ್ಯಾ, ಏನಾತು?"

ಕಾಶೀಬಾಯಿ ಗೋಡೆ ಬಿಟ್ಟು ಮುಂದೆ ಬಂದಳು. ನಿಜ ಹೇಳಿದರೆ ನಾಳೆಯಿಂದ ತಾನು ಯಾರು? ಅಣ್ಣನ ಮನೆಯ ಮೂಲೆ, ಎರಡು ಹೊತ್ತಿನ ಊಟ. ಅವಳು ದೊಡ್ಡ ಸುಳ್ಳು ಹೇಳಲಿಲ್ಲ. ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಇಟ್ಟಳು, ಅಷ್ಟೇ. "ಸಿದ್ದಕ್ಕ ಕಂಬಳಿ ತಗೊಂಡು ಒಳಗ ಬಂದ್ಲು. ಆಮ್ಯಾಲೆ ಕೂಸು ಹಿಂಗಾತು."

ಉಳಿದದ್ದನ್ನು ಓಣಿ ತಾನೇ ಕಟ್ಟಿಕೊಂಡಿತು. ಹಟ್ಟಿಯ ಗಾಳಿ ಬಡಿಯಿತು ಎಂದರು, ದೃಷ್ಟಿ ಎಂದರು, ಬಾಣಂತಿಯನ್ನು ಥಂಡಿಗೆ ಎಳೆದು ಹಾಕಿದಳು ಎಂದರು. ತಾಯಿ ಮಗು ಚೇತರಿಸಿಕೊಂಡದ್ದು ಆತ್ಯಾನ ಪುಣ್ಯದಿಂದ ಎಂದರು. ಇಂದಿರಾಗೆ ಎರಡು ದಿನ ತಲೆ ಎತ್ತಲಾಗಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ, ಸಿದ್ದಕ್ಕನನ್ನು ಕೇಳುವ ಮಾತಂತೂ ಇರಲೇ ಇಲ್ಲ. ನಾಳೆಯಿಂದ ಬರಬೇಡ ಎಂದಾಗ ಸಿದ್ದಕ್ಕ ಕೃಷ್ಣಾಬಾಯಿಯತ್ತ ನೋಡಲಿಲ್ಲ, ಕಾಶೀಬಾಯಿಯತ್ತ ನೋಡಿದಳು. ಇವಳು ಸೆರಗು ಸರಿಪಡಿಸಿಕೊಂಡಳು. ಒಂದು ವಾರದೊಳಗೆ ಓಣಿಯ ಉಳಿದ ಮನೆಗಳೂ ಸಿದ್ದಕ್ಕನನ್ನು ಬಿಡಿಸಿದವು.

ಆ ಚಳಿಗಾಲ ಕಾಶೀಬಾಯಿಗೆ ಮುಗಿಯಲೇ ಇಲ್ಲ. ಅಗ್ಗಿಷ್ಟಿಗೆಯ ಮುಂದೆ ಕೂತರೆ ನಾಚಿಕೆಯಿಂದ ಮೈ ಸುಡುತ್ತಿತ್ತು, ದೂರ ಸರಿದರೆ ನಡುಕ. ಕೋಣೆಯ ಕಿಟಕಿ ಈಗ ಒಂದು ಗೇಣು ತೆರೆದೇ ಇರುತ್ತಿತ್ತು. ಯಾಕೆ ಎಂದು ಕೇಳಿದವರಿಗೆ ದೃಷ್ಟಿ ಹೊರಗೆ ಹೋಗಲಿ ಎಂದಿದ್ದಳು. ಅದನ್ನೂ ಜನ ಭಕ್ತಿಯಿಂದ ಕೇಳಿದರು! ಸಂಕ್ರಮಣಕ್ಕೆ ಎಳ್ಳು ಕೊಡಲು ಬಂದವರು ಕಾಲು ಮುಟ್ಟಿದರೆ ಕಾಲು ಎಳೆದುಕೊಳ್ಳುವಂತಾಗುತ್ತಿತ್ತು. ಒಂದು ದಿನ ಬಜಾರಿನಲ್ಲಿ ಸಿದ್ದಕ್ಕ ಕುಳ್ಳಿನ ಬುಟ್ಟಿ ಹೊತ್ತು ಮಾರುತ್ತಿದ್ದದ್ದು ಕಂಡಿತು. ಕಾಶೀಬಾಯಿ ಪಕ್ಕದ ಸಂದಿಗೆ ಹೊಕ್ಕು, ಅವಳು ದಾಟಿ ಹೋಗುವವರೆಗೆ ಗೋಡೆ ನೋಡುತ್ತ ನಿಂತಳು. ಐವತ್ತರ ಹೆಂಗಸು, ಕಳ್ಳರ ಹಾಗೆ.

ಮಾಘದ ಕೊನೆಗೆ ಇಂದಿರಾ ಮುಧೋಳದ ಗಂಡನ ಮನೆಗೆ ಹೊರಟಳು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಶುಭದ ದಿನ ವಿಧವೆಯ ತೊಡೆಯ ಮೇಲೆ ಕೂಸನ್ನು ಹಾಕುವ ರೂಢಿ ಇರಲಿಲ್ಲ. ಕಾಶಿ ಆತ್ಯಾಗೆ ಮಾತ್ರ ಆ ಮಾನ. ಕೃಷ್ಣಾಬಾಯಿ ಮೊಮ್ಮಗನನ್ನು ತಂದು ಅವಳ ತೊಡೆಯ ಮೇಲೆ ಮಲಗಿಸಿ, "ಉಳಿಸಿದವರು ನೀವು, ಮೊದಲು ನೀವ ಆಶೀರ್ವಾದ ಮಾಡ್ರಿ," ಎಂದಳು. ಕೂಸು ದುಂಡಗೆ ತುಂಬಿಕೊಂಡಿತ್ತು, ಇವಳ ಬೆರಳು ಹಿಡಿದು ನಕ್ಕಿತು.

ಕಾಶೀಬಾಯಿಗೆ ತಡೆಯಲಾಗಲಿಲ್ಲ. "ನಾ ಉಳಿಸಲಿಲ್ಲ," ಎಂದಳು. "ಸಿದ್ದಕ್ಕ ಉಳಿಸ್ಯಾಳ. ಅಕಿ ಬರೂಕಿಂತ ಮೊದಲ ಕೂಸು ಹಂಗಾಗಿತ್ತು. ಕಿಡಕಿ ಮುಚ್ಚಬ್ಯಾಡ ಅಂತ ಮುಂಜಾನೆನ ಹೇಳಿದ್ಲು, ನಾ ಕೇಳಲಿಲ್ಲ. ಅಕಿ ಹೆಸರಿಗೆ ಮಸಿ ಹಚ್ಚಿದಾಕಿ ನಾನು."

ಕೃಷ್ಣಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರಿ, ಎಂಥಾ ದೊಡ್ಡ ಮನಸ್ಸು. ಆ ಬಡವಿ ಹೊಟ್ಟಿಪಾಡು ಹೋತಂತ ಆತ್ಯಾ ತಪ್ಪು ತಮ್ಮ ಮೈಮ್ಯಾಲೆ ಹಾಕ್ಕೊಳ್ಳಲಿಕ್ಕೆ ಹತ್ಯಾರ." ಹೌದು ಹೌದು ಎಂದರು ಎಲ್ಲರೂ. ಇಬ್ಬರು ಬಗ್ಗಿ ಕಾಲು ಮುಟ್ಟಿದರು.

ಕಾಶೀಬಾಯಿಗೆ ದಿಗಿಲಾಯಿತು. ಹೌದು, ಜೊತೆಗೆ, ಅವಳಿಗೇ ಅಸಹ್ಯವಾಗುವ ಹಾಗೆ, ಹೊಟ್ಟೆಯೊಳಗೆ ಎಲ್ಲೋ ಒಂದಿಷ್ಟು ತಂಪೂ ಆಯಿತು. ಹೇಳಿದ್ದಾಯಿತು, ಅವರು ನಂಬದಿದ್ದರೆ ತಾನೇನು ಮಾಡಲಿ?

ಕೊನೆಗೆ ಇಂದಿರಾ ನಮಸ್ಕಾರಕ್ಕೆ ಬಗ್ಗಿದಳು. ತಲೆ ಪಾದಕ್ಕೆ ತಾಗಿದಾಗ, ಯಾರಿಗೂ ಕೇಳದ ಹಾಗೆ ಅಂದಳು, "ಆತ್ಯಾ, ಅವತ್ತು ನಂಗ ಕಣ್ಣು ಕಾಣಸ್ತಿತ್ತು. ನೀವು ಬಾಗಿಲದಾಗ ನಿಂತಿದ್ರಿ. ನಾ ನಿಮ್ಮನ್ನ ಕರೀಲಿಕ್ಕೆ ಹತ್ತಿದ್ದೆ, ಧ್ವನಿ ಬರಲಿಲ್ಲ. ಎರಡು ತಿಂಗಳು ನೀವ ಹೇಳ್ತೀರಿ ಅಂತ ಕಾದೆ."

ಅವಳು ಎದ್ದು ಸೆರಗು ಹೊದ್ದುಕೊಂಡಳು. ಮುಖದ ಮೇಲೆ ಸಿಟ್ಟು ಇರಲಿಲ್ಲ, ಅದೇ ಕಷ್ಟ. ಹೆಂಗಸರು ಆಗಲೇ ಬುತ್ತಿಯ ಗಂಟಿನ ಮಾತಿಗೆ ತಿರುಗಿದ್ದರು.

"ಸ್ವಲ್ಪ ನಿಲ್ರಿ," ಎಂದಳು ಕಾಶೀಬಾಯಿ. "ಇನ್ನೊಂದದ. ಬಾಗಿಲಾ ತಗದಾಗ ಇಬ್ಬರೂ ಹಂಗ ಬಿದ್ದಿದ್ರು. ನಾ ನೋಡಿದೆ. ನೋಡಿ ಹೊಸ್ತಲದ ಹೊರಗ ನಿಂತೆ. ಮಡಿ ಉಟ್ಟಿದ್ದೆ. ಮುಟ್ಟಿದ್ರ ಮತ್ತ ತಣ್ಣೀರಾಗ ಮೀಬೇಕು ಅಂತ ಒಳಗ ಹೋಗಲಿಲ್ಲ. ಸಿದ್ದಕ್ಕ ಬರದಿದ್ರ ಹಂಗ ನಿಂತಿರತಿದ್ದೆ."

ಈ ಸಲ ದೊಡ್ಡ ಮನಸ್ಸಿನ ಮಾತು ಯಾರೂ ಎತ್ತಲಿಲ್ಲ. ಇಂಥದ್ದನ್ನು ಯಾರೂ ಇನ್ನೊಬ್ಬರ ಸಲುವಾಗಿ ಕಟ್ಟಿ ಹೇಳುವುದಿಲ್ಲ ಎಂಬುದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಅವರೆಲ್ಲರ ಮನೆಯಲ್ಲೂ ಮಡಿ ಇತ್ತು. ಕೃಷ್ಣಾಬಾಯಿ ಮಗಳ ಮುಖ ನೋಡಿದಳು. ಇಂದಿರಾ ತಲೆ ತಗ್ಗಿಸಿದಳು.

ಕೃಷ್ಣಾಬಾಯಿ ಮುಂದೆ ಬಂದು, ಬಗ್ಗಿ, ಕಾಶೀಬಾಯಿಯ ಬೆರಳನ್ನು ಕೂಸಿನ ಮುಷ್ಟಿಯಿಂದ ಮೆಲ್ಲಗೆ ಬಿಡಿಸಿ, ಕೂಸನ್ನು ಅವಳ ತೊಡೆಯಿಂದ ಎತ್ತಿಕೊಂಡಳು. ಎದೆಗೆ ಅವುಚಿಕೊಂಡು ಮೂರು ಹೆಜ್ಜೆ ಹಿಂದೆ ಸರಿದು, ಸಿದ್ದಕ್ಕನ ಮನೆಗೆ ಯಾರನ್ನಾದರೂ ಕಳಿಸಿರಿ ಎಂದು ಹೇಳಿದಳು. ಕಾಶೀಬಾಯಿ ಖಾಲಿ ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಅವಳನ್ನು ಏಳು ಎಂದು ಯಾರೂ ಹೇಳಲಿಲ್ಲ, ಕೂಡು ಎಂದೂ ಹೇಳಲಿಲ್ಲ.